ಗೀಜಗದ ಮರಿ ಬಿಟ್ಟ ಪಾಠ

ಗೀಜಗದ ಮರಿಯೊಂದು ಹಾರಾಟ, ನೇಯ್ಗೆ, ಕಾಳು ಹುಡುಕುವುದು, ಹಾಡು ಎಂದು ದಿನಕ್ಕೆ ನಾಲ್ಕು ಪಾಠ ಕಲಿಯುತ್ತಿತ್ತು. ಒಂದು ದಿನ ದಣಿದು, ಗೂಡು ನೇಯುತ್ತಲೇ ತೂಕಡಿಸಿ ಕೆಳಗೆ ಬಿತ್ತು.

“ನಾಲ್ಕೂ ನಿನ್ನಿಂದಾಗದು. ಒಂದನ್ನು ಬಿಡು ಮಗು,” ಎಂದಿತು ತಾಯಿ.

ಹಾರದೆ, ನೇಯದೆ, ತಿನ್ನದೆ ಬದುಕುವುದು ಹೇಗೆ? ಮರಿ ಹಾಡನ್ನೇ ಬಿಟ್ಟಿತು. ತಿಂಗಳೊಳಗೆ ಅದರ ನೇಯ್ಗೆ ಎಲ್ಲರೂ ಮೆಚ್ಚುವಷ್ಟು ಬಿಗಿಯಾಯಿತು. ಆದರೆ ಸಂಜೆ ಹೊಂಗೆ ಮರದಿಂದ ಹಾಡು ಕಲಿಸುವ ಮಡಿವಾಳ ಹಕ್ಕಿಯ ದನಿ ಕೇಳಿದರೆ ಸಾಕು, ಕೊಕ್ಕಿನಲ್ಲಿದ್ದ ಹುಲ್ಲು ಜಾರಿ ಬೀಳುತ್ತಿತ್ತು.

ಕೊನೆಗೊಮ್ಮೆ ಮರಿ ಆ ಮರಕ್ಕೇ ಹೋಯಿತು. “ಗುರುಗಳೇ, ಕಲಿಯಲು ನನಗೆ ಪುರುಸೊತ್ತಿಲ್ಲ. ಸುಮ್ಮನೆ ಕೂತು ಕೇಳಲೇ?”

“ಅದನ್ನು ಕೇಳಲು ಇಷ್ಟು ದಿನ ಬೇಕಾಯಿತೇ?” ಎನ್ನುತ್ತ ಮಡಿವಾಳ ಹಕ್ಕಿ ಕೊಂಬೆಯ ಮೇಲೆ ಸರಿದು ಜಾಗ ಬಿಟ್ಟಿತು.