ತಮ್ಮ ಒಲೆಯ ಬೂದಿ

ದಂಡು ಬಂದು ಊರನ್ನು ಸುಟ್ಟಿತು. ಉಳಿದವರು ಹೊಳೆ ದಾಟಿ ಆಶ್ರಮ ಸೇರಿ, ಅದರ ಬಳಿ ಗುಡಿಸಲು ಹಾಕಿಕೊಂಡರು.

ಅಂದು ಗುರುಗಳು ತಮ್ಮ ಭಿಕ್ಷಾಪಾತ್ರೆಯನ್ನು ತೊಳೆದು ಗೂಟಕ್ಕೆ ತೂಗುಹಾಕಿದರು. ಅವರು ಭಿಕ್ಷೆಗೆ ಹೋಗುತ್ತಿದ್ದುದು ಆ ಊರಿಗೇ.

ಶಿಷ್ಯ ಕೊಟ್ರಯ್ಯ ದೊಡ್ಡ ಕೊಪ್ಪರಿಗೆಯನ್ನು ಒಲೆಯ ಮೇಲಿಟ್ಟ. ಬೆಳಿಗ್ಗೆ ಅಂಬಲಿ, ಸಂಜೆ ನವಣೆ ಅನ್ನ. ಬಂದವರಲ್ಲಿ ಯಾರೂ ಹಸಿದು ಮಲಗಲಿಲ್ಲ.

ಆದರೆ ಕಣಜ ಇಳಿಯುತ್ತಿತ್ತು. ಬಿಗಿಹಿಡಿದು ಬಳಸಿದರೆ ಒಂದು ಕೊಯ್ಲಿನವರೆಗೆ ಬರಬಹುದು, ಅಷ್ಟೇ.

ಹೊಳೆದಂಡೆಯ ಹೊಲವನ್ನು, ಆಶ್ರಮದ ಎತ್ತು ಕೂರಿಗೆ ಸಮೇತ, ಗುರುಗಳು ಬಂದವರಿಗೇ ಬಿಟ್ಟುಕೊಟ್ಟಿದ್ದರು. ಬಿತ್ತಲು ಬೀಜವನ್ನೂ ಕೊಟ್ರಯ್ಯ ಚೀಲಗಳಲ್ಲಿ ಹಂಚಿದ್ದ. ಮಳೆ ಬಂತು. ನೆಲ ಹದವಾಯಿತು. ಯಾರೂ ಚೀಲದ ಬಾಯಿ ಬಿಚ್ಚಲಿಲ್ಲ.

ಹದ ಆರಿದರೆ ಕೊಯ್ಲೇ ಇಲ್ಲ. ಕೊಟ್ರಯ್ಯನಿಗೆ ಊಟ ಸೇರಲಿಲ್ಲ. ಬಂದವರಲ್ಲಿ ಹಿರಿಯಳಾದ ಹೊನ್ನೂರವ್ವನ ಗುಡಿಸಲಿಗೆ ಹೋದ.

"ಯಾಕವ್ವ ಬಿತ್ತುತ್ತಿಲ್ಲ?"

"ಬೂದಿ ಎಲ್ಲಿದೆ ಸ್ವಾಮಿ?"

"ಬೂದಿ ಯಾಕೆ?"

"ಮನೆಯ ಒಲೆಯ ಬೂದಿ ಬೆರೆಸದೆ ಬೀಜ ಹೊಲಕ್ಕೆ ಒಯ್ಯಬಾರದು. ನಮ್ಮಲ್ಲಿ ಹಾಗೆ."

"ಇಷ್ಟೇನಾ!" ಎಂದು ಕೊಟ್ರಯ್ಯ ಓಡಿದ. ಕೊಪ್ಪರಿಗೆಯ ಕೆಳಗಿನ ಬೂದಿಯನ್ನು ಬುಟ್ಟಿ ತುಂಬ ಹೊತ್ತು ತಂದು ಅವಳ ಮುಂದಿಟ್ಟ.

ಅವಳು ಬೆರಳಲ್ಲಿ ಮುಟ್ಟಿ ನೋಡಿದಳು. "ಬೂದಿ ಒಳ್ಳೆಯದೇ. ಆದರೆ ಇದು ದಾಸೋಹದ್ದು. ನಮ್ಮ ಮನೇದಲ್ಲ."

"ಬೂದಿಯಲ್ಲೂ ನಮ್ಮದು ನಿಮ್ಮದು ಉಂಟೇನವ್ವ?"

"ತೊಟ್ಟಿಲಿಂದ ಇಳಿದವನೇ ಮಠ ಸೇರಿದೆ. ಒಲೆ ಅಂದರೆ ನಿನಗೇನು ಗೊತ್ತು ಬಿಡು."

ಪಕ್ಕದ ಗುಡಿಸಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಂದ ಮೇಲೆ ಅವರಲ್ಲಿ ಒಬ್ಬರು ನಕ್ಕದ್ದು ಅದೇ ಮೊದಲು.

ಕೊಟ್ರಯ್ಯ ಸಿಟ್ಟಿನಿಂದ ಗುರುಗಳ ಬಳಿ ಬಂದ.

"ಕೂತಲ್ಲಿಗೆ ಅನ್ನ ಬಂದರೆ ಯಾರು ಬಿತ್ತುತ್ತಾರೆ? ಮೈಗಳ್ಳತನಕ್ಕೆ ಬೂದಿಯ ನೆಪ."

"ಹಾಗಾದರೆ ಕೊಪ್ಪರಿಗೆ ಇಳಿಸು" ಎಂದರು ಗುರುಗಳು.

ಕೊಟ್ರಯ್ಯನ ಮುಖ ಬಾಡಿತು. "ನಾನು ಸಿಟ್ಟಿಗೆ ಅಂದದ್ದು. ಮಕ್ಕಳಿದ್ದಾರೆ, ಉಪವಾಸ ಕೆಡವಬೇಡಿ."

"ಕಣಜದಲ್ಲಿ ಇದ್ದದ್ದನ್ನು ಮನೆಮನೆಗೆ ಅಳೆದು ಕೊಡು. ಒಂದೊಂದು ಮಡಕೆ ಕೊಡು. ಒಲೆಗೆ ಹೊಳೆಯಲ್ಲಿ ಕಲ್ಲುಗಳಿವೆ."

"ನಾಲ್ಕೇ ದಿನದಲ್ಲಿ ತಿಂದು ಮುಗಿಸಿದರೆ?"

ಗುರುಗಳು ಎದ್ದು ಹೋಗಿ ಕೊಪ್ಪರಿಗೆಯ ಕೆಳಗಿಂದ ಉರಿಯುವ ಕೊಳ್ಳಿಯೊಂದನ್ನು ಎಳೆದುಕೊಂಡು ಗುಡಿಸಲುಗಳ ಕಡೆ ನಡೆದರು.

ಕೊಳ್ಳಿ ಕಂಡು ಹೊನ್ನೂರವ್ವ ಹಿಂದೆ ಸರಿದಳು. ದಂಡಿನವರೂ ಕೊಳ್ಳಿ ಹಿಡಿದೇ ಬಂದಿದ್ದರು.

ಗುರುಗಳು ಅದನ್ನು ನೆಲಕ್ಕೆ ತಗ್ಗಿಸಿ ಹಿಡಿದು ನಿಂತರು. ಬಹಳ ಹೊತ್ತು ನಿಂತರು.

ಕೊನೆಗೆ ಅವಳು ಹೊಳೆಗೆ ಹೋಗಿ ಕಲ್ಲು ಆರಿಸಿ ತಂದಳು. ಮೂರನ್ನೂ ಹೂಡಿ, ಅಲುಗುತ್ತವೆಯೇ ಎಂದು ನೋಡಿ, ಕೊಳ್ಳಿಗೆ ಕೈ ಚಾಚಿದಳು.

ಕೊಟ್ರಯ್ಯ ಮನೆಮನೆಗೆ ಕಾಳು ಅಳೆದು, ಮಡಕೆ ಹಂಚಿದ. ಮರುದಿನ ಎಲ್ಲ ಗುಡಿಸಲುಗಳಿಂದಲೂ ಹೊಗೆ ಎದ್ದಿತು. ಒಬ್ಬಳ ಅನ್ನ ಸೀಯಿತು. ಇಬ್ಬರು ಉಪ್ಪಿಗಾಗಿ ಜಗಳವಾಡಿದರು. "ನಿನ್ನ ಗಂಡನಿಗೆ ಉಪ್ಪು ಯಾಕೆ, ನಿನ್ನ ಬಾಯೇ ಸಾಕಲ್ಲ!"

ಕೊಟ್ರಯ್ಯ ಅಂಜುತ್ತ ಒಂದೊಂದೇ ಗುಡಿಸಲಿಗೆ ಇಣುಕಿದ. ಎಲ್ಲರೂ ಅವನಿಗಿಂತ ಬಿಗಿಯಾಗಿ ಅಳೆಯುತ್ತಿದ್ದರು. ಕೊಪ್ಪರಿಗೆಗೆ ಅವನು ಸುರಿಯುತ್ತಿದ್ದುದರ ಅರ್ಧವೂ ಮಡಕೆಗಳಿಗೆ ಬಿದ್ದಿರಲಿಲ್ಲ.

ಒಲೆ ತಣ್ಣಗಾದ ಮೇಲೆ ಹೊನ್ನೂರವ್ವ ಬೂದಿಯನ್ನು ಸೆರಗಿನಲ್ಲಿ ಜರಡಿ ಹಿಡಿದಳು. ಚೀಲದ ಬಾಯಿ ಬಿಚ್ಚಿದಳು. ಬೀಜಕ್ಕೆ ಬೂದಿ ಬೆರೆಸುತ್ತ ತನ್ನ ಸತ್ತ ಮಗನ ಹೆಸರು ಹೇಳಿದಳು. ಆಮೇಲೆ ಎದ್ದು, "ಎತ್ತು ಎಲ್ಲಿ? ಕೂರಿಗೆ ಎಲ್ಲಿ? ಎಲ್ಲಾ ಮಲಗಿದಿರೇನು?" ಎಂದು ಕೂಗಿದಳು.

ಹೊತ್ತು ಮುಳುಗುವ ಮೊದಲು ಹೊಲ ಬಿತ್ತಿ ಮುಗಿಯಿತು. ಬೆಳಗಿನ ಜಾವ ಜಿನುಗು ಮಳೆ ಬಂತು.

ಕೊಟ್ರಯ್ಯ ಆಶ್ರಮದ ಜಗಲಿಯಲ್ಲಿ ಕುಳಿತು ಮಳೆ ನೋಡಿದ. ಎದೆಯ ಭಾರ ಇಳಿದಿತ್ತು. ಆಗ ಹೊಟ್ಟೆ ಚುರುಗುಟ್ಟಿತು. ಒಳಗೆ ಹೋಗಿ ನೋಡಿದ. ಕಣಜ ಬರಿದು. ಕೊಪ್ಪರಿಗೆ ಬೋರಲು.

"ಗುರುಗಳೇ, ತಪ್ಪಾಯಿತು. ಎಲ್ಲವನ್ನೂ ಅಳೆದು ಕೊಟ್ಟುಬಿಟ್ಟೆ. ನಮಗೆ ಅಂತ ಒಂದು ಹಿಡಿಯನ್ನೂ ಇಟ್ಟುಕೊಳ್ಳಲಿಲ್ಲ."

ಗುರುಗಳು ಗೂಟದಿಂದ ಪಾತ್ರೆ ತೆಗೆದು ಧೂಳು ಒರೆಸಿದರು.

"ನಡಿ. ಊರು ಬಂದಿದೆ, ಭಿಕ್ಷೆಗೆ ಹೋಗೋಣ."