ಮಡಿ ಸೀರೆಯ ಬೇಲಿ

ಬೇಲದಹುಂಡಿಯ ಪೂಜ್ಯ ಶ್ರೀ ಗುರುನಂಜಸ್ವಾಮಿಗಳವರ ಮಠವೆಂದರೆ ಕಾಡಂಚಿನ ಆ ಊರಿನ ಕೊನೆಯಲ್ಲಿದ್ದ ಒಂದು ಹೆಂಚಿನ ಕೋಣೆ, ಅದರ ಮುಂದೆ ಸಗಣಿ ಸಾರಿಸಿದ ಜಗಲಿ, ಅಷ್ಟೇ. ಸ್ವಾಮಿಗಳು ಹಗಲೆಲ್ಲ ಆ ಜಗಲಿಯಲ್ಲಿ ಕುಳಿತು ಭಕ್ತರು ತಂದಿಟ್ಟ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಾದಕ್ಕೆ ಎರಗಿದವರ ತಲೆ ಮುಟ್ಟುವ ಮುನ್ನ ಅಂಟಾದ ಕೈಯನ್ನು ಕಾವಿಯ ಅಂಚಿಗೆ ಒರೆಸಿಕೊಳ್ಳುತ್ತಿದ್ದರು. ಪ್ರವಚನ ಮಾಡಿದವರಲ್ಲ. ನಾನು ಇಷ್ಟು ವರ್ಷ ಕಲೆಹಾಕಿದ ಅವರ ಮಾತೆಲ್ಲ ಸೇರಿದರೂ ನಾಲ್ಕು ಪುಟ ತುಂಬುವುದಿಲ್ಲ. ಈ ಪ್ರಸಂಗವನ್ನು ಕನಕಾಂಬನವರು ನನಗೆ 1979ರಲ್ಲಿ ಒಮ್ಮೆ, 1986ರಲ್ಲಿ ಮತ್ತೊಮ್ಮೆ ಹೇಳಿದರು. ಎರಡು ಸಲವೂ ಬರೆದುಕೊಂಡು ಹೋಲಿಸಿ ನೋಡಿದ್ದೇನೆ. ಒಂದು ಮಾತಿನಲ್ಲೂ ವ್ಯತ್ಯಾಸವಿಲ್ಲ.

ಕನಕಾಂಬನವರ ಪತಿ ನರಹರಿರಾಯರು ಶಾಲಾ ಉಪಾಧ್ಯಾಯರಾಗಿ ನಿವೃತ್ತರಾದ ಮೇಲೆ ಅಲ್ಲಿ ಒಂದೂವರೆ ಎಕರೆ ಭೂಮಿ ಕೊಂಡು ಮನೆ ಕಟ್ಟಿಸಿದರು. ಹಿತ್ತಲಲ್ಲೊಂದು ಹಣ್ಣಿನ ತೋಟ ಮಾಡಬೇಕೆಂಬುದು ಅವರ ಬಹುಕಾಲದ ಆಸೆ. ಮಾವಿನ ಕಸಿ, ಸಪೋಟ, ಸೀಬೆ, ನಿಂಬೆ, ಹೀಗೆ ಮೂವತ್ತು ಸಸಿ ನೆಟ್ಟರು. ಆ ವರ್ಷದ ಆಷಾಢದಲ್ಲೇ ತೀರಿಕೊಂಡರು. ಮಕ್ಕಳಿರಲಿಲ್ಲ. ಮೈಸೂರಿನಿಂದ ಕನಕಾಂಬನವರ ಅಣ್ಣ ಬಂದು, "ನೋಡು ಕನಕ, ಆ ಗಿಡಗಳು ಉಳಿದರೆ ಇರು. ಇಲ್ಲವಾದರೆ ಇಲ್ಲಿ ನಿನಗೇನು ಕೆಲಸ? ದೀಪಾವಳಿಗೆ ಬಂದು ಕರೆದುಕೊಂಡು ಹೋಗುತ್ತೇನೆ" ಎಂದರು. ಅಣ್ಣನ ಮನೆಯಲ್ಲಿ ತಮಗೆ ಸಿಗುವುದು ಅಡುಗೆಮನೆಯ ಪಕ್ಕದ ಸಾಮಾನಿನ ಕೋಣೆಯೆಂದು ಆಕೆಗೆ ಗೊತ್ತಿತ್ತು.

ಕಾಡಿನ ಜಿಂಕೆಗಳಿಗೆ ಎಳೆ ಚಿಗುರೆಂದರೆ ಹಬ್ಬ. ಸಂಜೆ ಹಿಂಡಾಗಿ ಬಂದು ಸಸಿಯ ನೆತ್ತಿಯನ್ನೇ ಕಚ್ಚಿ ತಿನ್ನುತ್ತಿದ್ದವು. ನೆತ್ತಿ ಹೋದ ಸಸಿ ಕಡ್ಡಿಯಾಗಿ ಒಣಗುತ್ತಿತ್ತು. ಮುಳ್ಳು ಹಾಕಿದ್ದಾಯಿತು, ತಗಡು ಕಟ್ಟಿದ್ದಾಯಿತು. ಶ್ರಾವಣದ ಹೊತ್ತಿಗೆ ಹನ್ನೆರಡು ಉಳಿದವು.

ಆ ಊರಿನವರು ಹೊಲದ ಸುತ್ತ ಗೂಟ ನೆಟ್ಟು ಹಳೆಯ ಸೀರೆ ಕಟ್ಟುತ್ತಾರೆ. ಜಿಂಕೆ ಹತ್ತಿರ ಬರುವುದಿಲ್ಲ. ಕನಕಾಂಬನವರೂ ಟ್ರಂಕು ತೆಗೆದು ತಮ್ಮ ಒಂಬತ್ತು ಗಜದ ಸೀರೆಗಳನ್ನೆಲ್ಲ ಕಟ್ಟಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ಜಿಂಕೆಗಳು ಸೀರೆಯನ್ನು ಸರಿಸಿಕೊಂಡೇ ಒಳಗೆ ನಡೆದಿದ್ದವು. ಮಣ್ಣಿನಲ್ಲಿ ಗೊರಸಿನ ಗುರುತು. ಒಂದು ಸೀಬೆ ಸಸಿಯ ತಲೆ ಇರಲಿಲ್ಲ.

"ಎಲ್ಲರ ಸೀರೆಗೆ ಹೆದರುವ ಪ್ರಾಣಿ ನನ್ನದಕ್ಕೆ ಹೆದರಲಿಲ್ಲ. ಆ ಮನೆಯಲ್ಲಿ ನಾನು ಇಲ್ಲವೇ ಇಲ್ಲವೇನೋ ಅನ್ನಿಸಿಬಿಟ್ಟಿತು" ಎಂದು ಆಕೆ ನನಗೆ ಹೇಳಿದ್ದುಂಟು.

ಅಕ್ಷರ ಕಲಿಯದ, ಹುಣಸೆಹಣ್ಣು ಬಿಡಿಸುವ ಸ್ವಾಮಿಗಳ ಮೇಲೆ ಆಕೆಗೆ ನಂಬಿಕೆಯಿರಲಿಲ್ಲ. ಆದರೂ ಕೇಳಲು ಬೇರೆ ಯಾರೂ ಇರಲಿಲ್ಲ. ಜಗಲಿಯಿಂದ ನಾಲ್ಕು ಮಾರು ದೂರದಲ್ಲೇ ನಿಂತು, ಕೈ ಮುಗಿಯದೆ, ನಡೆದದ್ದನ್ನು ಹೇಳಿದರು.

ಸ್ವಾಮಿಗಳು ಬೀಜ ಬಿಡಿಸುತ್ತಲೇ ಕೇಳಿದರು: "ಆ ಸೀರೆ ಉಟ್ಟಿದ್ದು ಯಾವಾಗ ತಾಯಿ?"

"ಉಟ್ಟದ್ದನ್ನು ಕಟ್ಟುವುದುಂಟೇ? ಗಿಡ ನೆಟ್ಟವರ ನೆನಪಿಗೆ ಅಂತ ಎಲ್ಲವನ್ನೂ ಒಗೆದು ಮಡಿಯಲ್ಲಿ ಒಣಗಿಸಿದ್ದೆ. ಮಡಿಕೋಲಿನಲ್ಲೇ ತೆಗೆದು ಕೋಲಿನಲ್ಲೇ ಗೂಟಕ್ಕೆ ಹಾಕಿದ್ದು. ಗಂಟು ಹಾಕಿದ ಆಳಿಗೂ ಸ್ನಾನ ಮಾಡಿಸಿದ್ದೆ."

ಜಗಲಿಯ ಕೆಳಗೆ ಕುಳಿತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಸ್ವಾಮಿಗಳು ಒಮ್ಮೆ ಅತ್ತ ನೋಡಿದರು. ನಗು ನಿಂತಿತು.

"ಜಿಂಕೆಗೆ ಬಟ್ಟೆಯ ಭಯ ಇಲ್ಲ ತಾಯಿ. ಮನುಷ್ಯರ ಭಯ. ಮೈವಾಸನೆ ಮೂಗಿಗೆ ಬಡಿದರೆ ಜನ ಇದ್ದಾರೆ ಅಂತ ನಿಲ್ತದೆ. ನಿಮ್ಮ ಬೇಲೀಲಿ ಯಾರೂ ಇಲ್ಲ. ಊರೊಳಗೆ ಹೋಗಿ ಮೈಲಿಗೆ ಕೇಳ್ಕೊಂಡು ಬನ್ನಿ."

"ಮೈಲಿಗೆಯೇ ಬೇಕಾದರೆ ನಾನು ಉಟ್ಟದ್ದೇ ಆಗದೇ?"

"ಒಬ್ಬರದು ಸುತ್ತು ಬರಲ್ಲ ತಾಯಿ" ಎಂದಷ್ಟೇ ಹೇಳಿ, ಸ್ವಾಮಿಗಳು ಹುಣಸೆಹಣ್ಣಿನ ಕಡೆ ತಿರುಗಿದರು.

ಎರಡು ದಿನ ಕನಕಾಂಬನವರು ಮನೆ, ಹಿತ್ತಲು ಬಿಟ್ಟು ಹೊರಗೆ ಬರಲಿಲ್ಲ. ಹುಟ್ಟಿದ್ದು ವೈದಿಕರ ಮನೆಯಲ್ಲಿ; ಇನ್ನೊಬ್ಬರು ಉಟ್ಟು ಬಿಟ್ಟ ಬಟ್ಟೆ ಕಾಲಿಗೆ ತಗುಲಿದರೂ ಸ್ನಾನ ಮಾಡುತ್ತಿದ್ದವರು. ತಮ್ಮ ಎರಡು ಸೀರೆಯನ್ನೇ ಸರದಿಯಲ್ಲಿ ಉಟ್ಟು ಕಟ್ಟಿ ನೋಡಿದರು. ಅವು ಒಂದು ಮೂಲೆಗೆ ಸಾಕಾದವು. ಉಳಿದ ಮೂರು ದಿಕ್ಕಿನಿಂದ ಜಿಂಕೆ ಬಂದವು. ಮೂರನೆಯ ಬೆಳಿಗ್ಗೆ ರಾಯರು ಕೊನೆಯದಾಗಿ ನೆಟ್ಟ ಮಾವಿನ ಕಸಿಯ ಒಂದು ಕವಲು ಮುರಿದು ತೊಗಟೆಯಲ್ಲಿ ನೇತಾಡುತ್ತಿತ್ತು. ಆಕೆ ಅದನ್ನು ಬಾಳೆನಾರಿನಿಂದ ಕಟ್ಟಿ, ಕೈ ತೊಳೆದು, ಊರೊಳಗೆ ನಡೆದರು.

ಮೊದಲ ಮನೆ ಪುಟ್ಟಮಾದಮ್ಮನದು. ಆಕೆ ಆಗತಾನೇ ಕಳೆ ಕಿತ್ತು ಹೊಲದಿಂದ ಬಂದಿದ್ದಳು. ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಅಲ್ಲಾ ಅಮ್ಮಾವ್ರೇ, ನಾವು ನೀರು ಕೊಟ್ರೆ ಮುಟ್ಟಲ್ಲ ನೀವು. ಈಗ ನಮ್ ಬೆವ್ರು ಬೇಕಾ?"

ಕನಕಾಂಬನವರು, "ಬೇಕು" ಎಂದರು.

ಪುಟ್ಟಮಾದಮ್ಮ ಒಳಗೆ ಹೋಗಿ, ಮೈಮೇಲಿದ್ದ ಸೀರೆ ಬಿಟ್ಟು ಬೇರೆ ಉಟ್ಟು ಬಂದಳು. "ತಕಳಿ. ಮಣ್ಣೂ ಐತೆ, ಬೆವ್ರೂ ಐತೆ. ಒಗೀಬೇಡಿ ಮತ್ತೆ, ನಿಮ್ ಕೈ ಸುಮ್ಕಿರಲ್ಲ!"

ಸೀರೆ ಇನ್ನೂ ಬೆಚ್ಚಗಿತ್ತು. ರಾಯರು ಹೋದ ಮೇಲೆ ಇನ್ನೊಬ್ಬರ ಮೈಯ ಬಿಸಿ ತಮ್ಮ ಕೈಗೆ ತಾಗಿದ್ದು ಅದೇ ಮೊದಲೆಂದು ಕನಕಾಂಬನವರಿಗೆ ಆಗ ತಿಳಿಯಿತು. ಅಂಗಳದಲ್ಲೇ ನಿಂತು ಅತ್ತರು. "ಅಯ್ ಬಿಡ್ತು ಅನ್ನಿ, ಹಳೇ ಸೀರೆಗೆ ಯಾರಾರ ಅಳ್ತಾರಾ" ಎನ್ನುತ್ತ ಪುಟ್ಟಮಾದಮ್ಮ ತಾನೇ ಮುಂದಾಗಿ ಕೇರಿಯಲ್ಲೆಲ್ಲ ಕೇಳಿಕೊಟ್ಟಳು. ಅಂದು ಹದಿನಾಲ್ಕು ಸೀರೆ ಸಿಕ್ಕವು. ಕೋಲಿಲ್ಲದೆ, ತಮ್ಮ ಕೈಯಿಂದಲೇ ಕನಕಾಂಬನವರು ಗಂಟು ಹಾಕಿದರು. ಆ ಸಂಜೆ ಸ್ನಾನ ಮಾಡಿದರೆಂಬುದನ್ನೂ ಬರೆಯಬೇಕು, ಅವರೇ ಹೇಳಿದ್ದು. ಮುಂದಿನ ಸಲ ಮಾಡಲಿಲ್ಲವಂತೆ.

ಮುಂದಿನ ಸಲ ಇದ್ದೇ ಇತ್ತು. ಒಂದು ಮಳೆ ಬಿದ್ದರೆ ಬಟ್ಟೆಯ ವಾಸನೆ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಹಳೆಯದನ್ನು ಒಗೆದು ಮನೆಮನೆಗೆ ಹಿಂದಿರುಗಿಸಿ, ಉಟ್ಟದ್ದನ್ನು ಕೇಳಿ ತರಬೇಕು. ಬಾಗಿಲಲ್ಲಿ ನಿಲ್ಲಬೇಕು, ಮಗುವಿಗೆ ಜ್ವರ ಬಿಟ್ಟಿತೇ ಎಂದು ಕೇಳಬೇಕು. ಸ್ವಾಮಿಗಳು ಕೊಟ್ಟ ಒಂದು ಮಾತಿನಲ್ಲಿ ಇಷ್ಟೆಲ್ಲ ಅಡಗಿತ್ತೆಂಬುದು ಆಕೆಗೆ ಎರಡು ತಿಂಗಳ ಮೇಲೆ ಹೊಳೆಯಿತು. ಅಂದೇ ಮಠಕ್ಕೆ ಹೋಗಿ, ಯಾರೂ ಹೇಳದೆ, ಜಗಲಿಯ ಮುಂದಿನ ಮಣ್ಣಿನಲ್ಲಿ ದೀರ್ಘದಂಡ ನಮಸ್ಕಾರ ಮಾಡಿದರು.

ಸ್ವಾಮಿಗಳು, "ಗಿಡ?" ಎಂದರು.

"ಹನ್ನೊಂದೂ ಇವೆ, ಬುದ್ಧಿ."

ಊರಿನವರು ಕರೆಯುವಂತೆ 'ಬುದ್ಧಿ' ಎಂದು ಆಕೆ ಕರೆದದ್ದು ಅದೇ ಮೊದಲು. ಸ್ವಾಮಿಗಳು ಕೈ ಒರೆಸಿಕೊಂಡು ತಲೆ ಮುಟ್ಟಿದರು.

ದೀಪಾವಳಿಗೆ ಮುಂಚೆಯೇ ಕನಕಾಂಬನವರು ಅಣ್ಣನಿಗೆ ಕಾಗದ ಬರೆದರು: "ಬರುವ ಶ್ರಮ ಬೇಡ. ಹಬ್ಬದ ವಾರ ಸೀರೆ ಬದಲಿಸುವ ಸರದಿ ಇದೆ, ತಪ್ಪಿಸುವಂತಿಲ್ಲ." ಆಮೇಲೆ ಇಪ್ಪತ್ತೆರಡು ವರ್ಷ ಆ ಮನೆಯಲ್ಲೇ ಬಾಳಿದರು. ಒಂಟಿತನ ಹೋಯಿತೆಂದು ಅವರು ಎಂದೂ ಹೇಳಲಿಲ್ಲ, ನಾನೂ ಬರೆಯಲಾರೆ. ಸಂಜೆಗಳು ಮೊದಲಿನಷ್ಟೇ ಉದ್ದವಾಗಿದ್ದವಂತೆ. 1986ರಲ್ಲಿ ನಾನು ಅವರ ಹಿತ್ತಲಲ್ಲಿ ಕುಳಿತು, "ಈಗಲೂ ಜಿಂಕೆ ಬರುತ್ತವೆಯೇ?" ಎಂದು ಕೇಳಿದೆ.

"ಬರುತ್ತವಮ್ಮ, ದಿನಾ ಬರುತ್ತವೆ. ಬೇಲಿಯ ಆಚೆ ನಿಂತು ಮೂಗೆತ್ತುತ್ತವೆ. ಒಳಗೆ ತುಂಬ ಜನ ಇದ್ದಾರೆ ಅಂದುಕೊಂಡು ಹೋಗುತ್ತವೆ. ನಾನು ಇಲ್ಲಿ ಒಬ್ಬಳೇ ಕೂತು ನೋಡುತ್ತಿರುತ್ತೇನೆ. ಬುದ್ಧಿಯವರನ್ನು ನೆನೆಯುತ್ತೇನೆ."