ಕಂಬಾರ ಮೋನಪ್ಪನ ಠಣ್ ಕಳೆದುಹೋಯಿತು

"ಗುಳಿಗಿ ಚಾದ ಜೋಡಿ ನುಂಗಬ್ಯಾಡ್ರಿ. ನಿಂಬಿಹುಳಿ ಜೋಡಿ ನುಂಗ್ರಿ. ನಿಂಬಿ ಹೆಚ್ಚೋ ಈಳಿಗಿ ಮೊಂಡಾಗೇತಿ. ಒಂದೀಟು ಬಡದು ಹರಿತ ಮಾಡ್ರಿ."

ಹಾಸಿಗೆ ಹಿಡಿದಿದ್ದ ಕಾಳವ್ವ ಹಾಗಂದಳು.

"ನಾಳಿ ಮುಂಜಾನಿ" ಅಂದ ಅವಳ ಗಂಡ ಮೋನಪ್ಪ.

ಕಾಳವ್ವ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ನಾಳೆ ಮುಂಜಾನೆ ಬಂತು. ನಾಡಿದ್ದು ಮುಂಜಾನೆ ಬಂತು. ಈಳಿಗೆ ಮೂಲೆಯಲ್ಲೇ ಇತ್ತು.

ಮೋನಪ್ಪ ಕಂಬಾರ. ಕಬ್ಬಿಣ ಕಾಯಿಸುವವನು. ಕಬ್ಬಿಣ ಬಡಿಯುವವನು. ಊರಿಗೆಲ್ಲ ಕುಡುಗೋಲು ಮಾಡಿಕೊಟ್ಟವನು. ಅವನ ಮನೆಯ ಈಳಿಗೆ ಮಾತ್ರ ಮೊಂಡ.

ಮೊದಲು ಕಾಳವ್ವ ಕುಲುಮೆಗೆ ಗಾಳಿ ಊದುವ ತಿದಿ ಒತ್ತುತ್ತಿದ್ದಳು. ಬುಸ್. ಮೋನಪ್ಪ ಬಡಿಯುತ್ತಿದ್ದ. ಠಣ್. ಬುಸ್, ಠಣ್. ಬುಸ್, ಠಣ್. ಆ ಠಣ್ ಕೇಳಿ ಓಣಿ ಏಳುತ್ತಿತ್ತು. ಆ ಠಣ್ ಕೇಳಿ ಕೋಳಿ ಏಳುತ್ತಿತ್ತು. ಆಮೇಲೆ ಕೋಳಿ ಕೂಗಿ, ತಾನೇ ಎಲ್ಲರನ್ನೂ ಎಬ್ಬಿಸಿದೆ ಅಂದುಕೊಳ್ಳುತ್ತಿತ್ತು.

ಈಗ ಮೋನಪ್ಪನೇ ತಿದಿ ಒತ್ತಬೇಕು. ಮೋನಪ್ಪನೇ ಬಡಿಯಬೇಕು.

ಒಂದು ದಿನ ಸುತ್ತಿಗೆ ಎತ್ತಿದ. ಬಡಿದ.

ಠುಸ್.

ಅಯ್ಯೋ! ಠಣ್ ಎಲ್ಲಿ? ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಕೆಳಗೆ ಹುಡುಕಿದ. ಇಲ್ಲ. ತಿದಿಯ ಹಿಂದೆ ಹುಡುಕಿದ. ಇಲ್ಲ. ಕೋಳಿಯನ್ನು ಎತ್ತಿ ಅದರ ಕೆಳಗೂ ಹುಡುಕಿದ. ಒಂದು ಪುಕ್ಕ ಇತ್ತು. ಠಣ್ ಇರಲಿಲ್ಲ.

ಆಶಾ ಕಾರ್ಯಕರ್ತೆ ಹುಸೇನಬಿ ಬಂದಳು. ಮನೆ ಮನೆಗೆ ಗುಳಿಗೆ ಕೊಡುವವಳು. ಮೋನಪ್ಪನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಸುಣ್ಣದ ಹಾಗೆ ಬೆಳ್ಳಗಿತ್ತು.

"ಕಾಕಾ, ನಿಮ್ಮ ಮೈಯಾಗ ಕಬ್ಬಿಣ ಇಲ್ಲ."

"ಕಂಬಾರಗ ಹೇಳೋ ಮಾತೇನವ್ವಾ ಇದು? ಸುತ್ತ ನೋಡು. ಎಲ್ಲಾ ಕಬ್ಬಿಣನ."

"ಹೊರಗೈತಿ. ಒಳಗಿಲ್ಲ. ನಾ ಕೊಟ್ಟ ಗುಳಿಗಿ ನುಂಗೀರಿಲ್ಲೋ?"

"ದಿನಾ ನುಂಗತೀನಿ. ಏನೇನೈತಿ ಅದರಾಗ?"

"ಕಬ್ಬಿಣ ಐತಿ. ಸತು ಐತಿ. ಸುಣ್ಣ ಐತಿ."

"ಸುಣ್ಣಾ? ನಾನೇನು ಗೋಡಿಯೇನು?"

ಹುಸೇನಬಿ ನಕ್ಕಳು. "ಎಲುಬಿಗೆ ಬೇಕು ಕಾಕಾ. ಯಾತರ ಜೋಡಿ ನುಂಗತೀರಿ?"

"ಅದನ್ನ ನನಗ ಬಿಡು. ತಣ್ಣನ ಕಬ್ಬಿಣ ಯಾರ ಮಾತೂ ಕೇಳೂದಿಲ್ಲ. ಕಬ್ಬಿಣ ಕಾಯಬೇಕು."

ಮೋನಪ್ಪ ದಿನಾ ಕುದಿಯುವ ಚಾದ ಜೋಡಿ ಗುಳಿಗೆ ನುಂಗುತ್ತಿದ್ದ. ಕಬ್ಬಿಣದ ವಿಷಯ ಅವನಿಗೆ ಬೇರೆಯವರು ಹೇಳಬೇಕೇ?

"ಕೇಳೋರಿಗೆ ಹೇಳಬಹುದು. ಗೊತ್ತಿದ್ದೋರಿಗೆ ಏನ ಹೇಳ್ಲಿ?" ಅಂದಳು ಹುಸೇನಬಿ. "ಠಣ್ ಎಲ್ಲಿ ಹೋತು ಅಂತ ನೀವ ವಿಚಾರಿಸ್ರಿ." ಚೀಲ ಹೆಗಲಿಗೆ ಹಾಕಿದಳು. ಹೋದಳು.

ಮೋನಪ್ಪ ವಿಚಾರಿಸಿದ.

"ಸುತ್ತಿಗಿ, ಸುತ್ತಿಗಿ, ನನ್ನ ಠಣ್ ಎಲ್ಲಿ?"

"ನನಗೇನು ಗೊತ್ತು? ತೋಳು ನನ್ನ ಪೂರಾ ಎತ್ತಲಿಲ್ಲ. ತೋಳನ್ನ ಕೇಳು."

ಮೋನಪ್ಪ ತೋಳನ್ನು ಕೇಳಿದ.

"ತೋಳೇ, ತೋಳೇ, ಯಾಕ ಏಳಲಿಲ್ಲ?
ತೋಳು ಏಳದಿದ್ದರ ಸುತ್ತಿಗಿ ಏಳೂದಿಲ್ಲ.
ಸುತ್ತಿಗಿ ಏಳದಿದ್ದರ ಠಣ್ ಇಲ್ಲ."

"ನೆತ್ತರು ನನಗ ಉಸಿರು ತರಲಿಲ್ಲ. ನೆತ್ತರನ್ನ ಕೇಳು."

ಮೋನಪ್ಪ ನೆತ್ತರನ್ನು ಕೇಳಿದ.

"ನೆತ್ತರೇ, ನೆತ್ತರೇ, ಉಸಿರು ಯಾಕ ತರಲಿಲ್ಲ?
ಉಸಿರು ಬರದಿದ್ದರ ತೋಳು ಏಳೂದಿಲ್ಲ.
ತೋಳು ಏಳದಿದ್ದರ ಸುತ್ತಿಗಿ ಏಳೂದಿಲ್ಲ.
ಸುತ್ತಿಗಿ ಏಳದಿದ್ದರ ಠಣ್ ಇಲ್ಲ."

"ಉಸಿರು ಕುಂದರೂದು ಕಬ್ಬಿಣದ ಬೆನ್ನ ಮ್ಯಾಲ. ಕಬ್ಬಿಣ ಬರಲಿಲ್ಲ. ಉಸಿರನ್ನ ಯಾತರ ಮ್ಯಾಲ ಕೂಡಿಸಿ ತರಲಿ? ಕಬ್ಬಿಣಾನ ಕೇಳು."

ಮೋನಪ್ಪ ಹೊಟ್ಟೆ ತಟ್ಟಿದ. ನುಂಗಿದ ಗುಳಿಗೆಯ ಕಬ್ಬಿಣವನ್ನು ಕೇಳಿದ.

"ಕಬ್ಬಿಣವೇ, ಕಬ್ಬಿಣವೇ, ಯಾಕ ಬರಲಿಲ್ಲ?
ಕಬ್ಬಿಣ ಬರದಿದ್ದರ ಉಸಿರು ಬರೂದಿಲ್ಲ.
ಉಸಿರು ಬರದಿದ್ದರ ತೋಳು ಏಳೂದಿಲ್ಲ.
ತೋಳು ಏಳದಿದ್ದರ ಸುತ್ತಿಗಿ ಏಳೂದಿಲ್ಲ.
ಸುತ್ತಿಗಿ ಏಳದಿದ್ದರ ಠಣ್ ಇಲ್ಲ."

"ನಾ ಬಂದಿದ್ದೆ. ಬಾಗಿಲ ತನಕಾ ಬಂದಿದ್ದೆ. ಕರುಳಕ್ಕ ಬಾಗಿಲು ತೆರೀಲಿಲ್ಲ. ಅಕಿನ್ನ ಕೇಳು."

ಕರುಳಕ್ಕ ಹೊಟ್ಟೆಯ ಕೆಳಗೆ ಬಾಗಿಲು ಕಾಯುವವಳು. ಬಾಗಿಲು ಬಲು ಸಣ್ಣದು. ಬಾಯಿ ಬಲು ಜೋರು. ಮೋನಪ್ಪ ಮೆತ್ತಗೆ ಕೇಳಿದ.

"ಅಕ್ಕಾ, ಅಕ್ಕಾ, ಬಾಗಿಲು ಯಾಕ ತೆರೀಲಿಲ್ಲ?
ಬಾಗಿಲು ತೆರೀದಿದ್ದರ ಕಬ್ಬಿಣ ಬರೂದಿಲ್ಲ.
ಕಬ್ಬಿಣ ಬರದಿದ್ದರ ಉಸಿರು ಬರೂದಿಲ್ಲ.
ಉಸಿರು ಬರದಿದ್ದರ ತೋಳು ಏಳೂದಿಲ್ಲ.
ತೋಳು ಏಳದಿದ್ದರ ಸುತ್ತಿಗಿ ಏಳೂದಿಲ್ಲ.
ಸುತ್ತಿಗಿ ಏಳದಿದ್ದರ ಠಣ್ ಇಲ್ಲ."

"ಕೇಳಾಕ ಬಂದ್ಯಾ ಈಗ?" ಅಂದಳು ಕರುಳಕ್ಕ. "ಹತ್ತು ಮಂದಿ ಬಂದರ ಒಬ್ಬರನ್ನ ಬಿಡಾಕಿ ನಾನು. ಬಾಳಂದ್ರ ಇಬ್ಬರನ್ನ. ನಿನ್ನ ಕಬ್ಬಿಣ ಒಂಟಿ ಬಂತೇನು? ಚಾದ ಒಗರು ಅದನ್ನ ಅಪ್ಪಿಕೊಂಡು ಬಂತು. ಹಾಲಿನ ಸುಣ್ಣ ನೂಕ್ಕೊಂತ ಬಂತು. ಇಡೀ ದಿಬ್ಬಣ ನನ್ನ ಬಾಗಿಲಾಗ ಹಿಡಿಯೂದಿಲ್ಲ."

"ಮತ್ತ ನನ್ನ ಕಬ್ಬಿಣ ಎಲ್ಲಿ ಹೋತು?"

"ಮುಂಜಾನಿ ಚೊಂಬಿನ ಜೋಡಿ ಹೊರಗ ಹೋತು. ಕರ್ರಗ ಹೋತು. ನೀ ನೋಡಿಲ್ಲೇನು?"

ಮೋನಪ್ಪ ನೋಡಿದ್ದ. ನೋಡಿದೆ ಅನ್ನಲಿಲ್ಲ. ಚಾವನ್ನು ಕೇಳಿದ.

"ಚಾವೇ, ಚಾವೇ, ಕಬ್ಬಿಣ ಯಾಕ ಬಿಡಲಿಲ್ಲ?
ನೀ ಬಿಡದಿದ್ದರ ಬಾಗಿಲು ತೆರಿಯೂದಿಲ್ಲ.
ಬಾಗಿಲು ತೆರೀದಿದ್ದರ ಕಬ್ಬಿಣ ಬರೂದಿಲ್ಲ.
ಕಬ್ಬಿಣ ಬರದಿದ್ದರ ಉಸಿರು ಬರೂದಿಲ್ಲ.
ಉಸಿರು ಬರದಿದ್ದರ ತೋಳು ಏಳೂದಿಲ್ಲ.
ತೋಳು ಏಳದಿದ್ದರ ಸುತ್ತಿಗಿ ಏಳೂದಿಲ್ಲ.
ಸುತ್ತಿಗಿ ಏಳದಿದ್ದರ ಠಣ್ ಇಲ್ಲ."

"ಅಪ್ಪಿಕೊಳ್ಳೂದು ನನ್ನ ಗುಣ" ಅಂತು ಚಾ. "ನಾನಾಗಿ ಬಂದೆನೇನು? ನನ್ನ ಕರೆದೋರು ಯಾರು?"

ಮೋನಪ್ಪ ಆಚೆ ನೋಡಿದ. ಈಚೆ ನೋಡಿದ. ಕೋಳಿ ಇತ್ತು. ಕೋಳಿ ಮೋನಪ್ಪನನ್ನೇ ನೋಡಿತು.

"ನಾಳಿಯಿಂದ ನಾ ತಾಸೊತ್ತು ತಡದು ಬರತೀನಿ" ಅಂತು ಚಾ. "ನನ್ನ ಜಾಗಾಕ್ಕ ನಿಂಬಿನ್ನ ಕರಿ. ನಿಂಬಿ ಕೈ ಹಿಡದರ ಕಬ್ಬಿಣ ಬಾಗಿಲು ದಾಟತೈತಿ."

ಮೋನಪ್ಪ ಹಿತ್ತಲಿಗೆ ಹೋದ. ಕಾಳವ್ವ ಹಚ್ಚಿದ ನಿಂಬೆಗಿಡ. ಹಣ್ಣು ಜೋತಾಡುತ್ತಿತ್ತು.

"ನಿಂಬಿ, ನಿಂಬಿ, ಕಬ್ಬಿಣದ ಕೈ ಹಿಡಿ."

"ಹಿಡಿತೀನಿ. ಮೊದಲು ನನ್ನ ಹೆಚ್ಚು. ಈಳಿಗಿನ್ನ ಕೇಳು."

ಮೋನಪ್ಪ ಮೂಲೆಗೆ ಹೋದ.

"ಈಳಿಗಿ, ಈಳಿಗಿ, ನಿಂಬಿ ಹೆಚ್ಚು."

"ನಾ ಮೊಂಡ" ಅಂತು ಈಳಿಗೆ. "ನನ್ನ ಬಡದು ಹರಿತ ಮಾಡು. ಬಡಿಯಾಕ ಠಣ್ ಬೇಕು. ನಿನ್ನ ಠಣ್ ಎಲ್ಲಿ?"

ಅಯ್ಯೋ! ಎಲ್ಲಿಂದ ಹೊರಟನೋ ಅಲ್ಲಿಗೇ ಬಂದ.

ಠಣ್ ಬೇಕಾದರೆ ನಿಂಬೆ ಬೇಕು. ನಿಂಬೆ ಹೆಚ್ಚಲು ಈಳಿಗೆ ಬೇಕು. ಈಳಿಗೆ ಹರಿತವಾಗಲು ಠಣ್ ಬೇಕು.

ಮೋನಪ್ಪ ಈಳಿಗೆಯ ಮುಂದೆ ಕೂತ. ಬಹಳ ಹೊತ್ತು ಕೂತ.

"ನಾಳಿ ಮುಂಜಾನಿ ಅಂದಿದ್ದೆ" ಅಂದ.



ಆಗ ಮೋನಪ್ಪ ಎದ್ದ. ನಿಂಬೆಹಣ್ಣನ್ನು ಅಡಿಗಲ್ಲಿನ ಮೇಲೆ ಇಟ್ಟ. ಎರಡೂ ಕೈಯಿಂದ ಸುತ್ತಿಗೆ ಎತ್ತಿದ. ಮೊಣಕಾಲಿನ ತನಕ ಎದ್ದಿತು. ಅಷ್ಟೇ. ಬಿಟ್ಟ.

ಠುಸ್.

ಪಚ್!

ನಿಂಬೆ ಒಡೆಯಿತು. ಕಬ್ಬಿಣಕ್ಕೆ ಸಾಲದ ಠುಸ್, ನಿಂಬೆಗೆ ಸಾಕಾಯಿತು. ಅರ್ಧ ಹುಳಿ ಅಡಿಗಲ್ಲಿಗೆ. ಕಾಲು ಹುಳಿ ಕೋಳಿಯ ಕಣ್ಣಿಗೆ. ಉಳಿದ ಕಾಲು ಹುಳಿ ಲೋಟಕ್ಕೆ. ಮೋನಪ್ಪ ನೀರು ಬೆರೆಸಿದ. ಗುಳಿಗೆ ನುಂಗಿದ. ಮುಖ ಕಿವುಚಿದ.

ಠಣ್ ಅಂದೇ ಬಂತೇ? ಬರಲಿಲ್ಲ. ಕಬ್ಬಿಣ ಮೋನಪ್ಪನಷ್ಟೇ ನಿಧಾನಿ. ದಿನಾ ಠುಸ್, ಪಚ್. ದಿನಾ ಠುಸ್, ಪಚ್. ಕೋಳಿ ದೂರ ನಿಂತು ನೋಡಲು ಕಲಿಯಿತು. ಒಂದು ಅಮಾವಾಸ್ಯೆ ಹೋಯಿತು. ಎರಡು ಅಮಾವಾಸ್ಯೆ ಹೋದವು.

ಒಂದು ಸಂಜೆ ಮೋನಪ್ಪ ಸುತ್ತಿಗೆಗೆ ಕೈ ಹಾಕಿದ.

ಚಾ ಕಬ್ಬಿಣವನ್ನು ಬಿಟ್ಟಿತ್ತು.
ನಿಂಬೆ ಕಬ್ಬಿಣದ ಕೈ ಹಿಡಿದಿತ್ತು.
ಕರುಳಕ್ಕ ಬಾಗಿಲು ತೆರೆದಿದ್ದಳು.
ಕಬ್ಬಿಣ ಒಳಗೆ ಬಂದಿತ್ತು.
ಉಸಿರು ಕಬ್ಬಿಣದ ಬೆನ್ನ ಮೇಲೆ ಕೂತಿತು.
ನೆತ್ತರು ಉಸಿರು ತಂದಿತು.
ತೋಳು ಎದ್ದಿತು.
ಸುತ್ತಿಗೆ ಎದ್ದಿತು.

ಠಣ್!

ಕೋಳಿ ಗೂಡಿನಿಂದ ಇಣುಕಿತು. ಮುಂಜಾನೆ ಆಯಿತು ಅಂತ ಕೂಗಿಯೇ ಬಿಟ್ಟಿತು.

ಓಣಿಯಲ್ಲಿ ಹೋಗುತ್ತಿದ್ದ ಹುಸೇನಬಿ ನಿಂತಳು. "ಕಾಕಾ, ಕಬ್ಬಿಣ ಒಳಗ ಹೋತೇನು?"

"ಹೋತವ್ವಾ."

"ದಾರಿ ಯಾರ ಹೇಳಿದರು?"

"ಕಾಳವ್ವ ಹೇಳಿದಳು."

ಹುಸೇನಬಿ ಚೀಲ ಕೆಳಗಿಟ್ಟಳು. ಆಮೇಲೆ ಮೆತ್ತಗೆ ಕೇಳಿದಳು. "ಯಾವಾಗ ಕಾಕಾ?"

"ಆವಾಗ ಹೇಳಿದ್ದಳು. ನಾ ಕೇಳಿದ್ದು ತಡ ಆತು."

ಮರುದಿನ ಮುಂಜಾನೆ ಮೋನಪ್ಪ ಕೋಳಿಗಿಂತ ಮೊದಲು ಎದ್ದ. ಕುಲುಮೆ ಹಚ್ಚಿದ. ತಿದಿ ಒತ್ತಿದ. ಬುಸ್. ಈಳಿಗೆಯ ಅಲಗು ಕಾಯಿಸಿದ. ಬಡಿದ. ಠಣ್. ಬುಸ್, ಠಣ್. ಬುಸ್, ಠಣ್. ಓಣಿ ಎದ್ದಿತು. ಅಲಗು ಮಸೆದ. ಮಣೆಗೆ ಕೂಡಿಸಿದ. ಕಾಳವ್ವ ಕೂರುತ್ತಿದ್ದ ಜಾಗದಲ್ಲಿ ಈಳಿಗೆ ಇಟ್ಟುಕೊಂಡು ಕೂತ. ನಿಂಬೆ ಹೆಚ್ಚಿದ. ಎರಡು ಹೋಳು. ಒಂದು ಹನಿಯೂ ಚೆಲ್ಲಲಿಲ್ಲ. ಗುಳಿಗೆ ನುಂಗಿದ.

ಚಾ ತಾಸು ಹೊತ್ತು ಮೂಲೆಯಲ್ಲಿ ಕೂತಿತ್ತು. ಈಳಿಗೆ ಕೂತಿದ್ದ ಮೂಲೆಯಲ್ಲಿ.